ಗರ್ಭಿಣಿಯ ಉಸಿರಿಗೆ ಕ್ರಮ ಕೊಟ್ಟ ಮೈಸೂರಿನ ಯೋಗಾಚಾರ್ಯ

ವೈಟ್‌ಫೀಲ್ಡ್‌ನ ಐಟಿ ಪಾರ್ಕುಗಳ ಸುತ್ತ ತಲೆಯೆತ್ತಿರುವ ಹೆರಿಗೆ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆಂದೇ ತರಗತಿಗಳು ನಡೆಯುವುದು ಈಗ ಹೊಸ ಸಂಗತಿಯಲ್ಲ. ಕಚೇರಿಗೆ ರಜೆ ಇರುವ ದಿನ ಪತಿಯೊಡನೆ ಬರುವ ಯುವತಿಯರು ಚಾಪೆಯ ಮೇಲೆ ಕುಳಿತು, ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಂಡು, ಅದಕ್ಕಿಂತಲೂ ನಿಧಾನವಾಗಿ ಬಿಡುವುದನ್ನು ರೂಢಿಸಿಕೊಳ್ಳುತ್ತಾರೆ. ನೋವು ಬಂದಾಗ ಉಸಿರನ್ನು ಬಿಗಿಹಿಡಿಯಬಾರದು ಎಂಬುದು ಅಲ್ಲಿನ ಮೊದಲ ಪಾಠಗಳಲ್ಲೊಂದು. ಈ ವಿದ್ಯೆಗೆ ಲಾಮಾಜ್ ಎಂಬ ಫ್ರೆಂಚ್ ವೈದ್ಯನ ಹೆಸರು ಅಂಟಿಕೊಂಡಿದೆ. ಅದರ ಪಕ್ಕದಲ್ಲೇ ಪ್ರಸವಪೂರ್ವ ಯೋಗ ಎಂಬ ಇನ್ನೊಂದು ಹೆಸರೂ ಕೇಳಿಬರುತ್ತದೆ. ಈ ಎರಡನೆಯದರ ಜಾಡನ್ನು ಹಿಡಿದು ಹಿಂದಕ್ಕೆ ಹೋದರೆ ತಲುಪುವುದು ಪ್ಯಾರಿಸ್ಸನ್ನಲ್ಲ, ಮೈಸೂರಿನ ಜಗನ್ಮೋಹನ ಅರಮನೆಯನ್ನು. ಅಲ್ಲಿ ಪಾಠ ಹೇಳುತ್ತಿದ್ದವರು ತಿರುಮಲೈ ಕೃಷ್ಣಮಾಚಾರ್ಯರು.

ಉಸಿರು ಕಟ್ಟಿ ಎದೆಬಡಿತವನ್ನೇ ನಿಲ್ಲಿಸಬಲ್ಲವರೆಂದು ಒಂದು ಕಾಲದಲ್ಲಿ ಖ್ಯಾತರಾಗಿದ್ದ ಇದೇ ವ್ಯಕ್ತಿಯ ಪರಂಪರೆಯಲ್ಲಿ, ಬಸುರಿ ಹೆಂಗಸು ಉಸಿರು ಕಟ್ಟಲೇಬಾರದೆಂಬ ನಿಯಮವಿದೆ ಎಂಬುದು ಮೇಲುನೋಟಕ್ಕೆ ವಿಚಿತ್ರವೆನಿಸುತ್ತದೆ. ಅವರ ಬದುಕನ್ನು ನೋಡಿದರೆ ಅದು ಅಷ್ಟೇನೂ ವಿಚಿತ್ರವಲ್ಲ.

ಮುಚುಕುಂದಪುರದಿಂದ ಮಾನಸ ಸರೋವರದವರೆಗೆ

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ತಂದೆ ಶ್ರೀನಿವಾಸ ತಾತಾಚಾರ್ಯರು, ತಾಯಿ ರಂಗನಾಯಕಮ್ಮ. ಒಂಬತ್ತನೆಯ ಶತಮಾನದ ವೈಷ್ಣವ ಆಚಾರ್ಯ ನಾಥಮುನಿಗಳ ವಂಶದವರು ತಾವೆಂಬ ಹೆಮ್ಮೆ ಆ ಮನೆತನಕ್ಕಿತ್ತು. ಬಾಲಕನಿಗೆ ಸುಮಾರು ಹತ್ತು ವರ್ಷವಾದಾಗ ತಂದೆ ತೀರಿಕೊಂಡರು. ಕುಟುಂಬ ಮೈಸೂರಿಗೆ ಬಂತು. ಅಲ್ಲಿನ ಪರಕಾಲ ಮಠದ ಪೀಠದಲ್ಲಿದ್ದವರು ಹುಡುಗನ ಮುತ್ತಜ್ಜ. ವೇದ, ವ್ಯಾಕರಣ, ತರ್ಕ, ಮೀಮಾಂಸೆಗಳ ಓದು ಮೈಸೂರಿನಲ್ಲಿ ಆರಂಭವಾಗಿ ಕಾಶಿಯಲ್ಲಿ ಮುಂದುವರಿಯಿತು. ಆಯುರ್ವೇದವನ್ನೂ ಅವರು ಅಭ್ಯಾಸ ಮಾಡಿದರು. ಮುಂದೆ ರೋಗಿಯ ನಾಡಿ ನೋಡದೆ ಆಸನ ಹೇಳಿಕೊಡದ ಗುರುವಾಗಿ ಅವರು ಬೆಳೆದುದಕ್ಕೆ ಈ ಓದೂ ಒಂದು ಕಾರಣ.

ಮಾನಸ ಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿ ಎಂಬ ಯೋಗಿಯ ಆಶ್ರಯದಲ್ಲಿ ಏಳೂವರೆ ವರ್ಷ ಕಳೆದುದಾಗಿ ಕೃಷ್ಣಮಾಚಾರ್ಯರು ಹೇಳಿಕೊಂಡಿದ್ದರು. ಅವರ ಮಾತಿನ ಹೊರತು ಇದಕ್ಕೆ ಬೇರೆ ದಾಖಲೆ ದೊರೆತಿಲ್ಲ. ಆದರೆ ಗುರುದಕ್ಷಿಣೆಯಾಗಿ ಆ ಯೋಗಿ ಕೇಳಿದ್ದು ಏನೆಂಬುದು ಮುಂದಿನ ಕಥೆಗೆ ಮುಖ್ಯ. ಊರಿಗೆ ಹಿಂತಿರುಗಬೇಕು, ಮದುವೆಯಾಗಬೇಕು, ಮಕ್ಕಳನ್ನು ಪಡೆಯಬೇಕು, ಯೋಗವನ್ನು ಕಲಿಸಬೇಕು. ಗುಹೆಯಲ್ಲಿ ಕುಳಿತ ಸನ್ಯಾಸಿಗೆ ಗರ್ಭಿಣಿಯ ದೇಹದ ಕಷ್ಟಸುಖ ತಿಳಿಯುವ ಸಂದರ್ಭವೇ ಬರುವುದಿಲ್ಲ. ಸಂಸಾರಿಯಾದ ಯೋಗಿಗೆ ಅದು ಮನೆಯೊಳಗಿನ ವಿಷಯ.

1925ರಲ್ಲಿ ಅವರು ನಾಮಗಿರಿಯಮ್ಮನವರನ್ನು ವರಿಸಿದರು. ಕೋಲಾರ ಸೀಮೆಯ ಬೆಳ್ಳೂರಿನ ಈ ಹುಡುಗಿ ಮುಂದೆ ಜಗದ್ವಿಖ್ಯಾತರಾದ ಬಿ.ಕೆ.ಎಸ್. ಅಯ್ಯಂಗಾರರ ಅಕ್ಕ. ಆ ದಿನಗಳಲ್ಲಿ ಯೋಗ ಕಲಿಸಿ ಹೊಟ್ಟೆ ಹೊರೆಯುವುದು ಕನಸಿನ ಮಾತು. ಕಾಶಿಯಲ್ಲಿ ಪದವಿಗಳನ್ನು ಪಡೆದು ಬಂದ ವಿದ್ವಾಂಸ, ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಸ್ತ್ರಿಯ ಕೆಲಸಕ್ಕೆ ಸೇರಬೇಕಾಯಿತು. ಬಿಡುವು ದೊರೆತಾಗ ಊರೂರು ತಿರುಗಿ ಉಪನ್ಯಾಸ, ಪ್ರಾತ್ಯಕ್ಷಿಕೆ ನೀಡುತ್ತಿದ್ದರು. 1927ರಲ್ಲಿ ಹಾಸನದಲ್ಲಿ ನಡೆದ ಅಂಥದೊಂದು ಪ್ರಾತ್ಯಕ್ಷಿಕೆಯನ್ನು ಕಂಡು ಮರುಳಾದ ಹನ್ನೆರಡರ ಬಾಲಕನೇ ಕೆ. ಪಟ್ಟಾಭಿ ಜೋಯಿಸ್.

ಅರಮನೆಯ ಯೋಗಶಾಲೆ

ಅದೃಷ್ಟ ಒಲಿದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಮೂಲಕ. 1931ರಲ್ಲಿ ಸಂಸ್ಕೃತ ಪಾಠಶಾಲೆಯ ಅಧ್ಯಾಪಕರಾಗಿ ಬಂದ ಕೃಷ್ಣಮಾಚಾರ್ಯರಿಗೆ 1933ರ ಆಗಸ್ಟ್‌ನಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದುಕೊಟ್ಟವರು ಮಹಾರಾಜರು. ಇಲ್ಲೊಂದು ಕಾಕತಾಳೀಯವನ್ನು ಗಮನಿಸಬಹುದು. ನಾಲ್ವಡಿಯವರ ತಂದೆ ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಆಂಗ್ಲೋ-ಇಂಡಿಯನ್ ಸಮುದಾಯಕ್ಕೆ ಜಮೀನು ಕೊಟ್ಟದ್ದರಿಂದಲೇ, ಆ ಸಮುದಾಯದ ನಾಯಕ ಡಿ.ಎಸ್. ವೈಟ್ ಅವರ ಹೆಸರಿನಲ್ಲಿ ವೈಟ್‌ಫೀಲ್ಡ್ ಹುಟ್ಟಿತು. ತಂದೆ ಕೊಟ್ಟ ನೆಲದಲ್ಲಿ ಇಂದು ನಡೆಯುತ್ತಿರುವ ಯೋಗ ತರಗತಿಗಳಿಗೆ ಮಗ ಕಟ್ಟಿಸಿದ ಶಾಲೆಯ ನಂಟಿದೆ.

ಯೋಗಶಾಲೆಯಲ್ಲಿ ಕಲಿಯುತ್ತಿದ್ದವರು ಹೆಚ್ಚಾಗಿ ಅರಸು ಮನೆತನದ ಹುಡುಗರು. ಹರೆಯದ ಆ ಮಕ್ಕಳಿಗೆ ವೇಗದ, ಶ್ರಮದ, ಒಂದರ ಬೆನ್ನಿಗೊಂದು ಬರುವ ಆಸನಗಳು. ಗುರುವಿನ ಕೋಪಕ್ಕೆ ಹೆದರದವರಿರಲಿಲ್ಲ. 1934ರಲ್ಲಿ ಮೈಸೂರಿಗೆ ಬಂದ ಅಯ್ಯಂಗಾರರು ಭಾವನ ಕಾಠಿಣ್ಯವನ್ನು ಕಡೆಯವರೆಗೂ ಮರೆಯಲಿಲ್ಲ. ಈ ಶಾಲೆಯ ಹೊರಮುಖ ಇದೇ ಆಗಿತ್ತು. ಇಂದು ಜಗತ್ತಿನಾದ್ಯಂತ ಬೆವರಿಳಿಸುವ ಅಷ್ಟಾಂಗ ವಿನ್ಯಾಸ ಯೋಗದ ಮೂಲವೂ ಇಲ್ಲೇ ಇದೆ.

ಆದರೆ ಈ ವ್ಯಾಯಾಮದ ಕೆಳಗೆ ಒಂದು ನಿಯಮವಿತ್ತು. ದೇಹದ ಪ್ರತಿ ಚಲನೆಗೂ ಒಂದು ಉಸಿರು. ತೋಳು ಮೇಲೇಳುವಾಗ ಪೂರಕ, ಬಾಗುವಾಗ ರೇಚಕ. ಉಸಿರು ಮುಂದೆ, ದೇಹ ಹಿಂದೆ. ಉಸಿರು ತಡವರಿಸಿದರೆ ಆಸನ ಮಿತಿಮೀರಿದೆ ಎಂದೇ ಅರ್ಥ. 1934ರಲ್ಲಿ ಪ್ರಕಟವಾದ ಅವರ ಕನ್ನಡ ಕೃತಿ ‘ಯೋಗ ಮಕರಂದ’ ಈ ಕ್ರಮವನ್ನು ವಿವರಿಸುತ್ತದೆ. ಆಧುನಿಕ ಯೋಗದ ಇತಿಹಾಸದಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಈ ಗ್ರಂಥ ಕನ್ನಡದಲ್ಲಿ ರಚಿತವಾಯಿತೆಂಬುದು ಕನ್ನಡಿಗರಲ್ಲೇ ಅನೇಕರಿಗೆ ತಿಳಿಯದು. ಕೆಲವು ಆಸನಗಳ ವಿವರಣೆಯ ಕೊನೆಗೆ, ಗರ್ಭಿಣಿಯರು ಇದನ್ನು ಮಾಡಕೂಡದೆಂಬ ಎಚ್ಚರಿಕೆ ಇದೆ. ಇಂದು ಇದು ಸಾಮಾನ್ಯ ಸೂಚನೆಯಂತೆ ಕಂಡೀತು. ಬಹುಮಟ್ಟಿಗೆ ಪುರುಷ ಸಾಧಕನನ್ನೇ ಎದುರಿಗಿಟ್ಟುಕೊಂಡು ಬರೆದ ಹಠಯೋಗ ಗ್ರಂಥಗಳ ಹಿನ್ನೆಲೆಯಲ್ಲಿ ನೋಡಿದರೆ, ಓದುಗರ ನಡುವೆ ಬಸುರಿ ಹೆಂಗಸೂ ಇರಬಹುದೆಂದು ಊಹಿಸಿ ಬರೆದ ಲೇಖಕ ಅಪರೂಪದವನು.

ಆ ಕಾಲದ ಮೈಸೂರು ಸಂಸ್ಥಾನದ ಗಾಳಿಯೂ ಹಾಗಿತ್ತು. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶಿಸಿದ ಸಂಸ್ಥಾನವದು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಹೆರಿಗೆಯೆಂದರೆ ತಾಯಿಗೆ ಮರುಜನ್ಮ ಎಂಬ ನಾಣ್ಣುಡಿ ಅಕ್ಷರಶಃ ನಿಜವಾಗಿದ್ದ ದಿನಗಳಲ್ಲಿ ಹೆಣ್ಣಿನ ಆರೋಗ್ಯ ರಾಜ್ಯಾಡಳಿತದ ವಿಷಯವಾಗತೊಡಗಿತ್ತು.

ಎದೆಬಡಿತದ ಪವಾಡ

ಕೃಷ್ಣಮಾಚಾರ್ಯರಿಗೆ ವಿದೇಶಗಳಲ್ಲಿ ಹೆಸರು ತಂದದ್ದು ಮಾತ್ರ ಬೇರೆಯೇ ಒಂದು ಪ್ರಸಂಗ. 1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ಥೆರೇಸ್ ಬ್ರಾಸ್ ಇಸಿಜಿ ಯಂತ್ರದೊಂದಿಗೆ ಭಾರತಕ್ಕೆ ಬಂದರು. ಯೋಗಿಗಳ ಹೃದಯವನ್ನು ಅಳೆಯುವುದು ಅವರ ಉದ್ದೇಶ. ಕೃಷ್ಣಮಾಚಾರ್ಯರು ಉಸಿರು ಬಂಧಿಸಿ ಕುಳಿತಾಗ ನಾಡಿ ಕೈಗೆ ಸಿಗದಾಯಿತು, ಯಂತ್ರದ ಗೆರೆಯೂ ಕುಗ್ಗಿತು. ಯೋಗಿ ಹೃದಯವನ್ನೇ ನಿಲ್ಲಿಸಿದರೆಂಬ ಸುದ್ದಿ ಹಬ್ಬಿತು.

ಕಾಲು ಶತಮಾನದ ನಂತರ ಇದರ ಗುಟ್ಟು ಬಯಲಾಯಿತು. ಅಮೆರಿಕದ ವೆಂಗರ್ ಮತ್ತು ಬಾಗ್ಚಿ ಹಾಗೂ ದಿಲ್ಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ಬಿ.ಕೆ. ಆನಂದ್ ಅವರು 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೃಷ್ಣಮಾಚಾರ್ಯರ ಪರೀಕ್ಷೆಯೂ ಸೇರಿತ್ತು. ಹೃದಯ ನಿಂತಿರಲಿಲ್ಲ. ಗಂಟಲು ಮುಚ್ಚಿ, ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಎದೆಯೊಳಗಿನ ಒತ್ತಡ ಏರುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ನಾಡಿ ಕ್ಷೀಣಿಸುತ್ತದೆ, ಬಡಿತದ ಸದ್ದು ಮರೆಯಾಗುತ್ತದೆ. ವೈದ್ಯರು ವಾಲ್ಸಾಲ್ವಾ ಕ್ರಿಯೆ ಎನ್ನುವುದು ಇದಕ್ಕೇ. ಪವಾಡ ಅಲ್ಲಿಗೆ ಮುಗಿಯಿತೆನ್ನಬೇಕು. ಆದರೆ ಪವಾಡಕ್ಕಿಂತ ಉಪಯುಕ್ತವಾದ ಒಂದು ತಿಳಿವಳಿಕೆ ಉಳಿಯಿತು. ಉಸಿರು ಕಟ್ಟಿ ಮುಕ್ಕುವುದರಿಂದ ರಕ್ತದ ಹರಿವು ತಗ್ಗುತ್ತದೆ ಎಂಬುದಕ್ಕೆ ಅದೊಂದು ಪ್ರತ್ಯಕ್ಷ ನಿದರ್ಶನ.

ಹೆರಿಗೆ ಕೋಣೆಯಲ್ಲಿ ಇದರ ಅರ್ಥವೇನು? ನೋವಿನಿಂದ ಕಂಗೆಟ್ಟ ಹೆಂಗಸು ಸಹಜವಾಗಿಯೇ ಹಲ್ಲು ಕಚ್ಚಿ ಉಸಿರು ಹಿಡಿಯುತ್ತಾಳೆ. ಸುತ್ತಲಿನವರು ಉಸಿರು ಬಿಗಿಹಿಡಿದು ಮುಕ್ಕೆಂದು ಒತ್ತಾಯಿಸುವ ರೂಢಿಯೂ ಬಹುಕಾಲ ಇತ್ತು. ತಾಯಿಯ ರಕ್ತದ ಹರಿವು ತಗ್ಗಿದರೆ ಮಾಸಿನ ಮೂಲಕ ಮಗುವಿಗೆ ಸಿಗುವ ಆಮ್ಲಜನಕವೂ ತಗ್ಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ, ಮಗು ಹೊರಬರುವ ಹಂತದಲ್ಲಿ ತಾಯಿ ತನಗೆ ಒತ್ತರಿಸಿ ಬಂದಾಗ ತನ್ನದೇ ರೀತಿಯಲ್ಲಿ ಮುಕ್ಕಲು ಬಿಡಬೇಕೆಂದು ಹೇಳುತ್ತದೆ.

ಕುಂಭಕದ ಬಲವನ್ನು ತಮ್ಮ ದೇಹದ ಮೇಲೇ ಬಲ್ಲವರಾಗಿದ್ದ ಕೃಷ್ಣಮಾಚಾರ್ಯರ ಬೋಧನೆಯಲ್ಲಿ ಗರ್ಭಿಣಿಗೆ ಕುಂಭಕ ವರ್ಜ್ಯ. ಬಲಾತ್ಕಾರದ ಆಸನಗಳೂ ವರ್ಜ್ಯ. ಉಳಿಯುವುದು ಸರಳ ಚಲನೆ, ದೀರ್ಘ ರೇಚಕ, ಮತ್ತು ಗಂಟಲಿನಲ್ಲಿ ಮೆಲುದನಿ ಹೊಮ್ಮುವ ಸೌಮ್ಯ ಉಜ್ಜಾಯಿ. ಬಸುರು ಬಲಿತಂತೆ ಆಸನ ಹಿಂದೆ ಸರಿಯುತ್ತದೆ, ಉಸಿರಿನ ಅಭ್ಯಾಸ ಮುಂದುವರಿಯುತ್ತದೆ.

ಹೆಣ್ಣಿಗೆ ಯೋಗದ ಹಕ್ಕು

ನಾಥಮುನಿಗಳದೆಂದು ಹೇಳಲಾಗುವ ‘ಯೋಗ ರಹಸ್ಯ’ವನ್ನು ಹೊರಗೆ ತಂದವರೂ ಕೃಷ್ಣಮಾಚಾರ್ಯರೇ. ಹದಿನಾರರ ಹರೆಯದಲ್ಲಿ ತಮಿಳುನಾಡಿನ ಆಳ್ವಾರ್ ತಿರುನಗರಿಯಲ್ಲಿ ಮೈಮರೆತ ಸ್ಥಿತಿಯಲ್ಲಿದ್ದಾಗ ಕಳೆದುಹೋಗಿದ್ದ ಆ ಗ್ರಂಥ ತಮಗೆ ಶ್ರುತವಾಯಿತೆಂಬುದು ಅವರ ನಂಬಿಕೆ. ಅದರ ಬಹುಭಾಗ ಅವರದೇ ರಚನೆ ಇರಬಹುದೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಯಾರ ರಚನೆಯೇ ಆಗಲಿ, ಸ್ತ್ರೀಯರಿಗೆ, ಅದರಲ್ಲೂ ಗರ್ಭಿಣಿಯರಿಗೆ ಯೋಗ ವಿಶೇಷವಾಗಿ ಬೇಕು ಎಂಬ ನಿಲುವು ಅದರಲ್ಲಿ ಸ್ಪಷ್ಟವಾಗಿದೆ. ಸಂಪ್ರದಾಯಸ್ಥ ಶ್ರೀವೈಷ್ಣವ ಪಂಡಿತರೊಬ್ಬರು ಹೀಗೆ ಹೇಳಬೇಕಾದಾಗ ಪ್ರಾಚೀನ ಗುರುವಿನ ಹೆಸರಿನ ಬೆಂಬಲ ಬೇಕಾಗಿತ್ತೆಂದು ಊಹಿಸುವುದು ತಪ್ಪಾಗಲಾರದು.

ಮನೆಯಲ್ಲಿ ಈ ನಿಲುವು ಆಚರಣೆಯಲ್ಲಿತ್ತು. ನಾಮಗಿರಿಯಮ್ಮ ಮೂವರು ಗಂಡು, ಮೂವರು ಹೆಣ್ಣುಮಕ್ಕಳ ತಾಯಿ. ಪತಿಯಿಂದ ಯೋಗ ಕಲಿತು ಅಭ್ಯಾಸ ಮಾಡಿದವರು. 1938ರಲ್ಲಿ ಮೈಸೂರಿನಲ್ಲಿ ಚಿತ್ರೀಕರಿಸಿದ ಮೂಕ ಚಿತ್ರದಲ್ಲಿ ಸೀರೆಯುಟ್ಟ ಆಕೆ ಆಸನಗಳನ್ನು ಮಾಡುವುದನ್ನು ಇಂದಿಗೂ ನೋಡಬಹುದು. ಪುಟ್ಟ ಹೆಣ್ಣುಮಕ್ಕಳೂ ಅದರಲ್ಲಿದ್ದಾರೆ. ಶಿಷ್ಯರ ಪಟ್ಟಿಗಳಲ್ಲಿ ಆಕೆಯ ಹೆಸರು ಕಾಣಸಿಗುವುದು ಕಡಿಮೆ. ಆರು ಹೆರಿಗೆಗಳನ್ನು ಕಂಡ ಆ ಗೃಹಿಣಿಯ ಅನುಭವ ಗಂಡನ ಬೋಧನೆಯನ್ನು ಎಷ್ಟು ತಿದ್ದಿತೆಂದು ಯಾರೂ ಬರೆದಿಡಲಿಲ್ಲ.

ಹೊರಗಿನ ಹೆಂಗಸರಿಗೆ ಬಾಗಿಲು ಅಷ್ಟು ಸುಲಭವಾಗಿ ತೆರೆಯಲಿಲ್ಲ. ರಿಗಾದಲ್ಲಿ ಹುಟ್ಟಿದ, ರಾಜತಾಂತ್ರಿಕನೊಬ್ಬನ ಪತ್ನಿಯಾಗಿದ್ದ ಇಂದ್ರಾ ದೇವಿ ಯೋಗಶಾಲೆಗೆ ಬಂದು ಕೇಳಿಕೊಂಡಾಗ ಕೃಷ್ಣಮಾಚಾರ್ಯರು ಒಪ್ಪಲಿಲ್ಲ. ಮಹಾರಾಜರ ಮಾತಿಗೆ ಮಣಿದು ಸೇರಿಸಿಕೊಂಡರು. ಆಹಾರ, ನಿದ್ರೆಗಳಿಗೆ ಕಠಿಣ ಕಟ್ಟಳೆ ವಿಧಿಸಿದರು. ಆಕೆ ಬಿಟ್ಟು ಓಡಲಿಲ್ಲ. ಕೊನೆಗೆ ಇತರರಿಗೆ ಕಲಿಸುವಂತೆ ಗುರುವೇ ಆಜ್ಞಾಪಿಸಿದರು. ಶಾಂಘೈಯಲ್ಲಿ, 1947ರ ನಂತರ ಹಾಲಿವುಡ್‌ನಲ್ಲಿ ಆಕೆ ಕಲಿಸಿದ ಮೃದುವಾದ, ಉಸಿರಿಗೆ ಒತ್ತು ಕೊಟ್ಟ ಯೋಗ ಅಮೆರಿಕದ ಗೃಹಿಣಿಯರನ್ನು ತಲುಪಿತು. ಮುಂದೆ ಸತ್ಯ ಸಾಯಿಬಾಬಾ ಭಕ್ತೆಯಾದ ಇಂದ್ರಾ ದೇವಿ ಬಾಬಾ ಅವರ ವೈಟ್‌ಫೀಲ್ಡ್ ಆಶ್ರಮಕ್ಕೂ ಬರುತ್ತಿದ್ದರೆಂಬುದು ಇಲ್ಲಿ ನೆನೆಯಬಹುದಾದ ಸಂಗತಿ.

ಲಾಮಾಜ್‌ನ ದಾರಿ ಬೇರೆ

ಪಾಶ್ಚಾತ್ಯರ ಹೆರಿಗೆ ಉಸಿರಾಟವೂ ಭಾರತದ ಯೋಗದಿಂದಲೇ ಹೋದದ್ದೆಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. ಮೈಸೂರಿನಲ್ಲಿ ಯೋಗಶಾಲೆ ತೆರೆದ 1933ರಲ್ಲೇ ಲಂಡನ್ನಿನಲ್ಲಿ ಗ್ರಾಂಟ್ಲಿ ಡಿಕ್-ರೀಡ್ ಎಂಬ ವೈದ್ಯರು ಸಹಜ ಹೆರಿಗೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಭಯದಿಂದ ಬಿಗಿತ, ಬಿಗಿತದಿಂದ ನೋವು ಎಂಬುದು ಅವರ ವಾದ. ಫರ್ನಾಂಡ್ ಲಾಮಾಜ್ 1951ರಲ್ಲಿ ಸೋವಿಯತ್ ರಷ್ಯಾಕ್ಕೆ ಹೋಗಿ, ಪಾವ್ಲೋವ್ ಸಿದ್ಧಾಂತದ ಆಧಾರದ ಮೇಲೆ ನಡೆಸುತ್ತಿದ್ದ ಹೆರಿಗೆಯನ್ನು ನೋಡಿಬಂದರು. ಪ್ಯಾರಿಸ್ಸಿನಲ್ಲಿ ಲೋಹ ಕಾರ್ಮಿಕರ ಸಂಘದ ಆಸ್ಪತ್ರೆಯಲ್ಲಿ ಅದನ್ನು ಜಾರಿಗೆ ತಂದರು. ಲಾಮಾಜ್ ಪದ್ಧತಿಯ ಆರಂಭದ ರೂಪದಲ್ಲಿ ವೇಗದ, ಏದುಸಿರಿನಂಥ ಉಸಿರಾಟಕ್ಕೆ ಪ್ರಾಧಾನ್ಯವಿತ್ತು.

ಇಲ್ಲಿಯೇ ಎರಡು ದಾರಿಗಳ ವ್ಯತ್ಯಾಸ ಕಾಣುವುದು. ಗರ್ಭಿಣಿ ಮೊದಲೇ ಹೆಚ್ಚು ಗಾಳಿ ಸೇದುತ್ತಾಳೆ. ಪ್ರೊಜೆಸ್ಟರಾನ್ ಹಾರ್ಮೋನಿನ ಪ್ರಭಾವದಿಂದ ಒಂದೊಂದು ಉಸಿರಿನ ಪ್ರಮಾಣ ಶೇ. 40ರವರೆಗೆ ಏರಬಹುದು. ಬೆಳೆದ ಗರ್ಭಕೋಶ ವಪೆಯನ್ನು ಸುಮಾರು 4 ಸೆಂ.ಮೀ. ಮೇಲಕ್ಕೆ ತಳ್ಳುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲೇ ಕಡಿಮೆ. ಇಂಥ ಸ್ಥಿತಿಯಲ್ಲಿ ಏದುಸಿರು ಬಿಟ್ಟರೆ ಅದು ಇನ್ನೂ ಇಳಿದು, ತಲೆ ಸುತ್ತುತ್ತದೆ, ಬೆರಳು ಜುಮುಗುಡುತ್ತದೆ. ನಿಧಾನದ ಉಸಿರಿಗೆ ಈ ಅಪಾಯವಿಲ್ಲ. ಒಂದು ನೋವಿನ ಅಲೆ ಸುಮಾರು 60 ಸೆಕೆಂಡು ಇರುತ್ತದೆಂದು ಇಟ್ಟುಕೊಂಡರೆ, ನಿಮಿಷಕ್ಕೆ ಆರು ಉಸಿರಿನ ಲೆಕ್ಕದಲ್ಲಿ ಅದನ್ನು ದಾಟಲು ಆರೇ ಉಸಿರು ಸಾಕು. ಲಾಮಾಜ್ ತರಗತಿಗಳೂ ಕಾಲಕ್ರಮದಲ್ಲಿ ಏದುಸಿರನ್ನು ಹಿಂದಿಟ್ಟು ನಿಧಾನದ ಉಸಿರಿಗೆ ಬಂದಿವೆ.

ಕೃಷ್ಣಮಾಚಾರ್ಯರು ಹೆರಿಗೆ ಕೋಣೆಯೊಳಗೆ ಹೋದವರಲ್ಲ. ನೋವಿನ ಗಳಿಗೆಗೆಂದೇ ಪದ್ಧತಿ ರೂಪಿಸಿದವರೂ ಅಲ್ಲ. ಬಸುರಿನ ತಿಂಗಳುಗಳಲ್ಲಿ ಉಸಿರನ್ನು ನೀಳವಾಗಿಸಿಕೊಂಡವಳಿಗೆ ಆ ಗಳಿಗೆಯಲ್ಲಿ ಅದು ಕೈಗೆ ಸಿಗುತ್ತದೆ ಎಂಬಷ್ಟಕ್ಕೆ ಅವರ ಕೊಡುಗೆ ನಿಲ್ಲುತ್ತದೆ. ಅಷ್ಟೂ ಕಡಿಮೆಯೇನಲ್ಲ.

ಮದರಾಸಿನ ದಿನಗಳು

1940ರಲ್ಲಿ ನಾಲ್ವಡಿಯವರು ನಿಧನರಾದರು. ಸ್ವಾತಂತ್ರ್ಯಾನಂತರ ಅರಮನೆಯ ಆಶ್ರಯ ತಪ್ಪಿ 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ವ್ಯಕ್ತಿ ಸಂಸಾರದೊಡನೆ ಮತ್ತೆ ಬದುಕು ಕಟ್ಟಬೇಕಾಯಿತು. ಕೆಲಕಾಲ ಬೆಂಗಳೂರಿನಲ್ಲಿದ್ದು, 1952ರಲ್ಲಿ ಪಾರ್ಶ್ವವಾಯು ಪೀಡಿತರಾದ ನ್ಯಾಯವಾದಿಯೊಬ್ಬರ ಚಿಕಿತ್ಸೆಗೆಂದು ಮದರಾಸಿಗೆ ಹೋದವರು ಅಲ್ಲೇ ನೆಲೆಸಿದರು.

ನಷ್ಟವೆಂದು ತೋರಿದ ಈ ಪಲ್ಲಟ ಯೋಗಕ್ಕೆ ಲಾಭವಾಯಿತು. ಮದರಾಸಿನಲ್ಲಿ ಎದುರಿಗೆ ಬಂದವರು ಗಟ್ಟಿಮುಟ್ಟಾದ ಹುಡುಗರಲ್ಲ. ರೋಗಿಗಳು, ವೃದ್ಧರು, ಗೃಹಿಣಿಯರು. ಸಾಮೂಹಿಕ ಕವಾಯತು ನಿಂತಿತು. ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ವಯಸ್ಸು, ಬಲ, ಕಾಯಿಲೆ ನೋಡಿ ಪಾಠ ರೂಪಿಸುವ ಕ್ರಮ ನೆಲೆಗೊಂಡಿತು. ಮೈಸೂರಿನ ಸಿಡುಕಿನ ಗುರು ಇಲ್ಲಿ ತಾಳ್ಮೆಯ ವೈದ್ಯನಂತಾದರು. ವೇದಪಠಣವನ್ನು ಹೆಂಗಸರಿಗೂ ಹೇಳಿಕೊಟ್ಟರು. ಪರಕಾಲ ಮಠದ ಪೀಠ ಏರಲು ಬಂದ ಆಹ್ವಾನವನ್ನು ಒಪ್ಪದೆ ಗೃಹಸ್ಥರಾಗಿಯೇ ಉಳಿದರು.

ಮೈಸೂರು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವೀಧರರಾಗಿದ್ದ ಮಗ ಟಿ.ಕೆ.ವಿ. ದೇಶಿಕಾಚಾರ್ ತಂದೆಯ ವಿದ್ಯೆಯನ್ನು ಗಂಭೀರವಾಗಿ ನೋಡತೊಡಗಿದ್ದು ಅರವತ್ತರ ದಶಕದ ಆರಂಭದಲ್ಲಿ. ಬಹುಕಾಲದ ನಿದ್ರಾಹೀನತೆ ವಾಸಿಯಾದ ಸಂತೋಷಕ್ಕೆ ವಿದೇಶಿ ಮಹಿಳೆಯೊಬ್ಬರು ಬೀದಿಯಲ್ಲೇ ತಂದೆಯನ್ನು ಅಪ್ಪಿಕೊಂಡುದನ್ನು ಕಂಡು ಮಗ ಬೆರಗಾದರಂತೆ. 1976ರಲ್ಲಿ ಅವರು ಸ್ಥಾಪಿಸಿದ ಕೃಷ್ಣಮಾಚಾರ್ಯ ಯೋಗ ಮಂದಿರದ ಮೂಲಕ ಆ ವೈಯಕ್ತಿಕ ಕ್ರಮ ಉಳಿಯಿತು. ಅತ್ತ ಪುಣೆಯಲ್ಲಿ ಬಿ.ಕೆ.ಎಸ್. ಅಯ್ಯಂಗಾರರ ಮಗಳು ಗೀತಾ ಮಹಿಳೆಯರ ಯೋಗಕ್ಕೇ ಬದುಕು ಮುಡಿಪಿಟ್ಟು ಬಸುರಿ, ಬಾಣಂತಿಯರ ಅಭ್ಯಾಸಗಳನ್ನು ಗ್ರಂಥರೂಪಕ್ಕೆ ತಂದರು. ಆಕೆಗೆ ನಾಮಗಿರಿಯಮ್ಮ ಸೋದರತ್ತೆ.

ಈ ಅಭ್ಯಾಸಗಳು ನಿಜಕ್ಕೂ ಫಲ ಕೊಡುತ್ತವೆಯೇ ಎಂಬ ಪ್ರಶ್ನೆಯನ್ನು ಬೆಂಗಳೂರಿನಲ್ಲೇ ಪರೀಕ್ಷಿಸಲಾಗಿದೆ. ಕೃಷ್ಣಮಾಚಾರ್ಯರ ಪರಂಪರೆಗೆ ಸೇರದ, ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ತಜ್ಞರು ಗುಣಶೀಲಾ ಆಸ್ಪತ್ರೆಯ 335 ಗರ್ಭಿಣಿಯರನ್ನು ಒಳಗೊಂಡ ಅಧ್ಯಯನವನ್ನು 2005ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದು ಗಂಟೆ ಆಸನ, ಪ್ರಾಣಾಯಾಮ, ಧ್ಯಾನ ಮಾಡಿದವರಲ್ಲಿ, ನಡಿಗೆಯನ್ನಷ್ಟೇ ಮಾಡಿದವರಿಗಿಂತ ಅವಧಿಪೂರ್ವ ಹೆರಿಗೆ ಕಡಿಮೆ ಇತ್ತು. 2.5 ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಕದ ಶಿಶುಗಳ ಪ್ರಮಾಣ ಹೆಚ್ಚಿತ್ತು. ಹೆರಿಗೆ ನೋವಿನ ವಿಷಯದಲ್ಲಿ ಮಾತ್ರ ಅತಿಯಾದ ಭರವಸೆ ಸಲ್ಲದು. ನೋವು ತಗ್ಗಿಸಿಕೊಳ್ಳಬಯಸುವ ಆರೋಗ್ಯವಂತ ಗರ್ಭಿಣಿಯರು ಉಸಿರಾಟವೂ ಸೇರಿದಂತೆ ವಿಶ್ರಾಂತಿ ತಂತ್ರಗಳನ್ನು ಬಳಸಬಹುದೆಂದು 2018ರ ಮಾರ್ಗಸೂಚಿ ಒಪ್ಪುತ್ತದೆ. ಜತೆಗೇ, ಎಪಿಡ್ಯೂರಲ್‌ನಂಥ ಔಷಧೋಪಾಯಗಳನ್ನು ಕೇಳುವ ಹಕ್ಕನ್ನೂ ಅದು ಕಸಿಯುವುದಿಲ್ಲ. ಉಸಿರು ನೋವನ್ನು ಅಳಿಸುವುದಿಲ್ಲ, ನೋವಿನೊಳಗೆ ಹಿಡಿದುಕೊಳ್ಳಲು ಒಂದು ಆಸರೆ ಕೊಡುತ್ತದೆ. ರಕ್ತದೊತ್ತಡ, ರಕ್ತಸ್ರಾವ, ಅಡ್ಡ ಮಲಗಿದ ಮಗು ಇಂಥ ತೊಡಕುಗಳಿಗೆ ವೈದ್ಯರೇ ಗತಿ. ಆಯುರ್ವೇದ ಬಲ್ಲ ಕೃಷ್ಣಮಾಚಾರ್ಯರು ಯೋಗವನ್ನು ಸರ್ವರೋಗ ನಿವಾರಕವೆಂಬಂತೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿದವರಲ್ಲ.

ತೊಂಬತ್ತಾರರ ವಯಸ್ಸಿನಲ್ಲಿ ಅವರು ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಬೇಡವೆಂದರು. ಹಾಸಿಗೆಯಲ್ಲಿ ಮಲಗಿಯೇ ಮಾಡಬಹುದಾದ ಚಲನೆಗಳನ್ನು, ಅದಕ್ಕೊಪ್ಪುವ ಉಸಿರಿನ ಲೆಕ್ಕವನ್ನು ತಮಗಾಗಿ ತಾವೇ ರೂಪಿಸಿಕೊಂಡರು. ಪಾಠ, ಪಠಣ ನಿಲ್ಲಲಿಲ್ಲ. 1988ರಲ್ಲಿ ಶಿಷ್ಯರು ಅವರ ನೂರನೆಯ ಹುಟ್ಟುಹಬ್ಬ ಆಚರಿಸಿದರು. 1989ರ ಫೆಬ್ರವರಿ 28ರಂದು ಮದರಾಸಿನಲ್ಲಿ ಅವರು ಕೊನೆಯುಸಿರೆಳೆದರು. ವಿದೇಶಗಳಲ್ಲಿ ಶಿಷ್ಯರ ಹೆಸರಿನಿಂದ ಪ್ರಸಿದ್ಧವಾದ ವಿದ್ಯೆಯ ಮೂಲಪುರುಷ ಕಡಲಾಚೆ ಪಾಠ ಹೇಳಲು ಹೋದವರಲ್ಲ.